ಲೇಹ್ಯಕ್ಕೆ ಮೂಲಂಗಿ ಆಗದು

ಮೂಲಂಗಿ ಸಾರು ಬೇಡವೆಂದು ಗಂಡ ಬಟ್ಟಲು ತಳ್ಳಿದ ದಿನವೇ ಯಿನ್‌ಫೆಂಗಳ ಕಿವಿ ನೆಟ್ಟಗಾಯಿತು. ಎಲುಬಿನ ಜೊತೆ ಬೆಂದ ಮೂಲಂಗಿ ಎಂದರೆ ಚಾಂಗ್‌ಗೆಂಗ್ ಪ್ರಾಣ ಬಿಡುತ್ತಿದ್ದ. ಈಗ "ಹೊಟ್ಟೆ ಸರಿ ಇಲ್ಲ ಕಣೇ" ಅಂತೆ. ಮರುದಿನ ಗಟ್ಟಿ ಚಹಾವನ್ನೂ ಬಿಟ್ಟು ಬರೀ ಬಿಸಿನೀರು ಕುಡಿಯತೊಡಗಿದ.

ಚೀನಾದ ಶಾವೊಶಿಂಗ್ ಊರಿನ ಆ ಕಾಲುವೆ ಓಣಿಯಲ್ಲಿ ಚಳಿಗಾಲ ಬರುತ್ತಲೇ ಮೂಲಂಗಿ, ಚಹಾ ಎರಡನ್ನೂ ಒಟ್ಟಿಗೆ ಬಿಟ್ಟವರು ಏನು ತಿನ್ನುತ್ತಿದ್ದಾರೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಔಷಧಿ ಅಂಗಡಿಯ ವೈದ್ಯರು ನಾಡಿ ಹಿಡಿದು, ಅವರವರ ಮೈಗೆ ತಕ್ಕಂತೆ ಕುದಿಸಿ ಕೊಡುವ ಲೇಹ್ಯ. ಚಳಿಗಾಲ ಮೂತ್ರಪಿಂಡದ ಕಾಲ, ಮೈಯ ಕಸುವು, ಗಂಡಸುತನ ಎಲ್ಲ ಇರುವುದು ಅಲ್ಲೇ, ಈಗ ಬಲ ತುಂಬಿಟ್ಟರೆ ವಸಂತಕ್ಕೆ ಮೈ ಚಿಗುರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಜೊತೆಗೆ ಮೂಲಂಗಿ ತಿಂದರೆ ಮಾತ್ರ ತುಂಬಿದ್ದೆಲ್ಲ ಸೋರಿಹೋಗುತ್ತದೆ.

ಲೇಹ್ಯ ತಿನ್ನಲಿ, ಬೇಡವೆಂದವರು ಯಾರು? ಆದರೆ ಕಟ್ಟಿಕೊಂಡ ಹೆಂಡತಿಗೆ ಹೇಳದೆ ತಿನ್ನುವುದೆಂದರೇನು? ಅವನು ಹೊರಗೆ ಹೋದದ್ದೇ ತಡ, ಯಿನ್‌ಫೆಂಗ್ ಮನೆಯೆಲ್ಲ ಜಾಲಾಡಿದಳು. ಬಾಲ್ಕನಿಯಲ್ಲಿ ನೇತುಹಾಕಿದ್ದ ಉಪ್ಪುಮೀನಿನ ಕೆಳಗೆ, ಖಾಲಿ ಉಪ್ಪಿನಕಾಯಿ ಜಾಡಿಯೊಳಗೆ ಕರ್ರಗಿನ ಸೀಸೆ ಕೂತಿತ್ತು. ಮುಚ್ಚಳ ತೆಗೆದರೆ ಅಕ್ಕಿಮದ್ಯ, ಲೇಹ್ಯಕ್ಕೆ ಹಾಕುವ ಕತ್ತೆಚರ್ಮದ ಅಂಟು, ಕರಿಎಳ್ಳಿನ ಘಮ. ಅರ್ಧ ಖಾಲಿಯಾಗಿತ್ತು.

ಪಕ್ಕದ ಮನೆಯ ಗೂ ಅತ್ತಿಗೆಗೆ ಹೇಳಬಾರದಿತ್ತು, ಹೇಳಿಬಿಟ್ಟಳು.

"ಗಂಡಸರು ಮೂತ್ರಪಿಂಡಕ್ಕೆ ಬಲ ಕೂಡಿಸಿಕೊಳ್ಳೋದು ಯಾತಕ್ಕೆ ಅಂತ ನಾನು ಬಾಯಿಬಿಟ್ಟು ಹೇಳ್ಬೇಕೇನೇ?" ಎಂದು ಗೂ ಅತ್ತಿಗೆ ಕಿಸಕ್ಕನೆ ನಕ್ಕಳು. "ನಿಮ್ಮನೆ ಮುದುಕಪ್ಪನಿಗೆ ಈ ವಯಸ್ಸಲ್ಲಿ ಯಾವ ವಸಂತ ಬರ್ತಿದೆಯಮ್ಮಾ?"

ಅಲ್ಲಿಂದ ಯಿನ್‌ಫೆಂಗಳಿಗೆ ಒಂದೊಂದೇ ಹೊಳೆಯತೊಡಗಿತು. ಚಳಿ ಶುರುವಾದಾಗಿನಿಂದ ಅವನು ಬೇರೆ ಕೋಣೆಯಲ್ಲಿ ಮಲಗುತ್ತಿದ್ದ. ಇವಳು ಗೊರಕೆ ಹೊಡೆಯುತ್ತಾಳಂತೆ. ಇಷ್ಟು ವರ್ಷ ಕೇಳದ ಗೊರಕೆ ಈಗ ಕೇಳಿತೇ? ಬೆಳಕು ಹರಿಯುವ ಮೊದಲೇ ಬಟ್ಟೆಚೀಲ ಹಿಡಿದು, ಸೇತುವೆ ಬಳಿ ಹಾಡಿನ ಅಭ್ಯಾಸವೆಂದು ಹೊರಡುತ್ತಿದ್ದ. ಅಲ್ಲಿ ಅವನ ಜೋಡಿಯಾಗಿ ಹಾಡುವವಳು ಮೇಶಿಯನ್. ಮೊಮ್ಮಕ್ಕಳಿದ್ದರೂ ಹುಬ್ಬು ತೀಡುವುದನ್ನು ಬಿಡದ ಹೆಂಗಸು. ಚೀಲದಲ್ಲಿ ಅವಳಿಗೆ ಏನು ಹೊತ್ತೊಯ್ಯುತ್ತಾನೋ!

ಯಿನ್‌ಫೆಂಗ್ ಜಗಳಕ್ಕೆ ಹೋಗಲಿಲ್ಲ. ಮೂಲಂಗಿ ತುರಿದಳು. ನೀರು ಹಿಂಡಿ, ಶುಂಠಿ, ಈರುಳ್ಳಿಸೊಪ್ಪು ಧಾರಾಳವಾಗಿ ಬೆರೆಸಿ ಹಂದಿಮಾಂಸದ ಉಂಡೆಯೊಳಗೆ ಸೇರಿಸಿದಳು.

"ಇವತ್ತು ಉಂಡೆ ಎಷ್ಟು ಮೆತ್ತಗಿದೆಯೇ!" ಎಂದು ಚಾಂಗ್‌ಗೆಂಗ್ ಚಪ್ಪರಿಸಿದ.

"ತಿನ್ನಿ, ತಿನ್ನಿ. ಇನ್ನೆರಡು ಹಾಕ್ಲಾ?"

ಅಂದಿನಿಂದ ಉಂಡೆ, ಕಡುಬು, ರೊಟ್ಟಿ ಯಾವುದರಲ್ಲೂ ಮೂಲಂಗಿ ತಪ್ಪಲಿಲ್ಲ. ಚಿಗುರಬೇಕಾದ ಗಂಡ ದಿನದಿನಕ್ಕೆ ಬಾಡಿದ. ಅವನ ಮುಖ ಜೋತುಬಿದ್ದಷ್ಟೂ ಇವಳ ಹೊಟ್ಟೆ ತಣ್ಣಗಾಯಿತು. ಎಂಥ ಹೆಂಗಸು ಎನ್ನುತ್ತೀರಾ? ಅನುಮಾನ ತಲೆಗೇರಿದವರಿಗೆ ಎದುರಿಗಿದ್ದವರ ಮುಖ ಕಾಣುವುದಿಲ್ಲ.

ಕಾಲುವೆಯಂಚಿನಲ್ಲಿ ಮಂಜು ಹೆಪ್ಪುಗಟ್ಟಿದ್ದ ಒಂದು ಬೆಳಗ್ಗೆ ಅವಳು ಅವನ ಹಿಂದೆಯೇ ಹೊರಟಳು. ಕೈಯಾರೆ ಹಿಡಿಯಬೇಕೆಂದು. ಅವನು ಸೇತುವೆಗೆ ಹೋಗಲಿಲ್ಲ, ಮೇಶಿಯನ್ ಮನೆಗೂ ಹೋಗಲಿಲ್ಲ. ಓಣಿಯ ತುದಿಯಲ್ಲಿ ಈಗ ಯಾರೂ ಬಳಸದ ಕಲ್ಲುಮೆಟ್ಟಿಲು ಇಳಿದ. ಆಚೀಚೆ ನೋಡಿ ಚೀಲದಿಂದ ಹಾಸಿಗೆಯ ಬಟ್ಟೆ ತೆಗೆದು, ಕುಕ್ಕರುಗಾಲಿನಲ್ಲಿ ಕೂತು ಒಗೆಯತೊಡಗಿದ. ಹುಟ್ಟಿದಂದಿನಿಂದ ಒಂದು ಕರವಸ್ತ್ರ ಒಗೆದವನಲ್ಲ. ಬಟ್ಟೆಯ ನಡುಭಾಗದ ಹಳದಿ ಕಲೆಯನ್ನೇ ಉಜ್ಜುತ್ತಿದ್ದ, ಕೈಗಳು ಕೆಂಪೇರಿದ್ದವು. ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿದ್ದ ಯಿನ್‌ಫೆಂಗಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರವಿತ್ತು. ಅದು ಸದ್ದು ಮಾಡುತ್ತದೆ, ಅಷ್ಟೆ.

ಅವನ ಕಣ್ಣಿಗೆ ಬೀಳದಂತೆ ಅವಳು ಮನೆ ಸೇರಿದಳು.

ಅವನು ಬಂದು ಮೇಜಿನ ಮುಂದೆ ಕೂತಾಗ, ಹಿಂದಿನ ದಿನವೇ ಮಡಿಸಿಟ್ಟಿದ್ದ ಕಡುಬುಗಳು ಅಭ್ಯಾಸಬಲದಿಂದ ಬೆಂದು ಬಟ್ಟಲಿಗೆ ಬಿದ್ದಿದ್ದವು. ಅವನು ಚಮಚ ಎತ್ತಿದ.

"ತಿನ್ಬೇಡಿ!" ಯಿನ್‌ಫೆಂಗ್ ಬಟ್ಟಲು ಕಿತ್ತುಕೊಂಡಳು. "ಮೂಲಂಗಿ ಇದೆ."

ಅವನು ಬೆಚ್ಚಿ ನೋಡಿದ. "ಲೇಹ್ಯದ ವಿಷ್ಯ ನಿಂಗೆ ಗೊತ್ತಾ?"

"ಗೊತ್ತು. ಉಂಡೇಲೂ ಇತ್ತು, ರೊಟ್ಟೀಲೂ ಇತ್ತು. ಬೇಕು ಅಂತ್ಲೇ ಹಾಕ್ದೆ. ನೀವು ಆ ಮೇಶಿಯನ್‌ಗೋಸ್ಕರ ತಿಂತಿದೀರ ಅಂದ್ಕೊಂಡೆ ರೀ."

"ಮೇಶಿಯನ್ನಾ? ಅವಳು ಹಾಡೋದನ್ನ ಕೇಳಿದೀಯಾ ನೀನು?" ಎಂದ. ನಗಲು ಹೋದವನ ಕಣ್ಣು ಬಾಗಿಲಲ್ಲಿ ತೊಟ್ಟಿಕ್ಕುತ್ತಿದ್ದ ಚೀಲದ ಮೇಲೆ ಬಿತ್ತು. "ಬೆಳಗ್ಗೆ ಹಿಂದೆ ಬಂದಿದ್ಯಾ?"

"ಬಂದಿದ್ದೆ."

ಅವನ ಕಿವಿ ಕೆಂಪಾಯಿತು. ಬಯ್ಯಲಿ, ಚಮಚ ಎಸೆಯಲಿ ಎಂದು ಅವಳು ತಲೆ ತಗ್ಗಿಸಿ ನಿಂತಳು.

"ವೈದ್ಯರು ನಿನ್ನೆ ಕೈಚೆಲ್ಲಿಬಿಟ್ರು ಕಣೇ," ಎಂದ. "ಲೇಹ್ಯ ಹಿಡೀತಾನೇ ಇಲ್ಲ, ಮೈಯಲ್ಲಿ ಸತ್ವ ಉಳಿದಿಲ್ಲ ಅಂದ್ರು. ನನ್ನ ಕತೆ ಮುಗೀತು ಅಂದ್ಕೊಂಡಿದ್ದೆ." ಅವನು ಮುಖ ಎತ್ತಿದ. "ಹಾಗಾದ್ರೆ ಇದೆಲ್ಲಾ ಮೂಲಂಗಿಯಿಂದಾನಾ?"

ಆ ಮುಖದಲ್ಲಿ ಸಿಟ್ಟಿರಲಿಲ್ಲ, ಆಸೆಯಿತ್ತು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ. ನಿಜವಾಗಿಯೂ ಮೂಲಂಗಿಯಿಂದಲೇ? ಮೂಲಂಗಿ ಇಷ್ಟೆಲ್ಲ ಮಾಡೀತೇ? ಹೊಸ ಅನುಮಾನವೊಂದು ಒಳಗೆ ತಲೆಯೆತ್ತಿತು, ಈ ಸಲ ಬೇರೆ ಥರದ್ದು. ಅದನ್ನವಳು ನುಂಗಿಕೊಂಡಳು.

"ಹೂಂ ರೀ, ಮೂಲಂಗಿಯಿಂದಾನೇ. ನನ್ನಿಂದಾನೇ," ಎಂದಳು. "ಲೇಹ್ಯ ತಿನ್ನಿ. ನಾಳೆ ದೊಡ್ಡಾಸ್ಪತ್ರೆಗೂ ಹೋಗಿ ತೋರಿಸ್ಕೊಂಡು ಬರೋಣ. ನಾನೂ ಬರ್ತೀನಿ."

"ಮೂಲಂಗಿಯಿಂದ ಅಂದ್ಮೇಲೆ ಆಸ್ಪತ್ರೆ ಯಾಕೇ?"

ಯಿನ್‌ಫೆಂಗ್ ಬಾಗಿಲಿಗೆ ಹೋಗಿ, ಚೀಲದ ಬಟ್ಟೆಯನ್ನು ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದಳು. ಗೂ ಅತ್ತಿಗೆಯ ಮನೆಗೂ ಕೇಳಿಸುವಂತೆ ಅದು ಗುಡುಗತೊಡಗಿತು.

"ನಂದು ಅನುಮಾನದ ಬುದ್ಧಿ ಅಂತ ನಿಮಗೆ ಗೊತ್ತೇ ಇದೆಯಲ್ಲ," ಎಂದಳು, ಅವನ ಕಡೆಗೆ ತಿರುಗದೆ.