ಗೂಲೆಯೂ ಊರು ಬಿಟ್ಟಳು

ಹೆಬ್ರಾನ್ ಪಟ್ಟಣದ ದಕ್ಷಿಣದ ಗುಡ್ಡಗಳಲ್ಲಿ ಸೈನಿಕರು ದಾರಿ ಮುಚ್ಚಿದ ಮೇಲೆ ಊರಿನವರು ಒಬ್ಬೊಬ್ಬರಾಗಿ ಹೊರಟುಹೋದರು. ವಿಧವೆ ರಸ್ಮಿಯಾ ಮಾತ್ರ ತನ್ನ ಆಡುಗಳೊಂದಿಗೆ ಉಳಿದಳು. ಮಾತಾಡಿಸುವವರಿಲ್ಲದೆ ಅವಳ ನಾಲಿಗೆಯೇ ಒಣಗಿಹೋಗಿತ್ತು.

ಒಂದು ಬೆಳಿಗ್ಗೆ ನೀರಿಗೆ ಹೋದರೆ ಬಾವಿಕಟ್ಟೆಯ ಮೇಲೆ ಗೂಲೆ ಕೂತಿದ್ದಳು. ಅಜ್ಜಿಯರ ಕಥೆಗಳಲ್ಲಿ ಮನುಷ್ಯರನ್ನು ತಿನ್ನುವ ಅದೇ ರಾಕ್ಷಸಿ. ಸಿಕ್ಕುಗಟ್ಟಿದ ಕೂದಲು ನೆಲ ಗುಡಿಸುತ್ತಿತ್ತು. ರಸ್ಮಿಯಾಳಿಗೆ ಹೆದರಿಕೆಗಿಂತ ಮೊದಲು ಸಂತೋಷವಾಯಿತು.

“ಸಲಾಮು, ಅವ್ವಾ.”

“ಮೊದ್ಲೇ ಸಲಾಮು ಅಂದೆ, ಬಚಾವಾದೆ. ಇಲ್ದಿದ್ರೆ ನಿನ್ನ ಮೂಳೆ ಕಟಕಟ ಅಗೀತಿದ್ದೆ.”

“ಅಗಿಯೋಕೆ ನನ್ನ ಮೈಯಲ್ಲಿ ಏನಿದೆ? ಬಾ, ತಲೆ ಸಿಕ್ಕು ಬಿಡಿಸ್ತೀನಿ.”

ಸಿಕ್ಕು ಬಿಡಿಸುತ್ತ ರಸ್ಮಿಯಾ ತನ್ನ ಮದುವೆ, ನೆರೆಯವರ ಜಗಳ, ಗಂಡನ ಸಾವು ಎಲ್ಲವನ್ನೂ ಹೇಳಿಕೊಂಡಳು. ಬಿಸಿಲೇರಿದಾಗ ಗೂಲೆ ಎದ್ದಳು.

“ನಾನೂ ಹೊರಟೆ ಮಗಳೇ. ಹೆದರೋ ಮಕ್ಕಳೇ ಇಲ್ದ ಊರಲ್ಲಿ ನನಗೇನು ಕೆಲಸ? ಎಲ್ಲಾ ಪಟ್ಟಣದಲ್ಲಿದ್ದಾರಂತೆ, ಅಲ್ಲಿಗೇ ಹೋಗ್ತೀನಿ.”

“ನೀನೂನಾ?” ರಸ್ಮಿಯಾ ಅವಳ ತೋಳು ಹಿಡಿದಳು. “ನನ್ನನ್ನ ತಿಂದಾದ್ರೂ ಹೋಗು.”

ಗೂಲೆ ಅವಳ ಹಣೆಗೆ ಮುತ್ತಿಟ್ಟು ಗುಡ್ಡ ಇಳಿದಳು. ಅವಳು ಮರೆಯಾಗುವವರೆಗೂ ನೋಡುತ್ತ ನಿಂತಿದ್ದ ರಸ್ಮಿಯಾ, ಆಮೇಲೆ ಆಡುಗಳಿಗೆ ನೀರು ಸೇದತೊಡಗಿದಳು.