ದೋಣಿಯ ಕಪ್ಪು ಕಿಟಕಿ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಕೃಷ್ಣಪ್ಪ, ಅಕ್ಕ ಲಿಂಗಮ್ಮ ಒಳಗಿನಿಂದ ಭಾವ ಕೆತ್ತಿದ್ದ ಆ ಪುಟ್ಟ ಮರದ ದೋಣಿ ಎತ್ತಿಕೊಂಡು ಬಂದದ್ದನ್ನು ಕಂಡು ಗಂಟು ಹಾಕುವುದನ್ನೇ ಮರೆತ.

“ಇದೂ ಅವರ ಜೊತೇಲೇ ಮಣ್ಣಿಗೆ ಹೋಗ್ಲಿ ಕಿಟ್ಟ. ಎಲೆಅಡಿಕೆ ಚೀಲದ ಪಕ್ಕಕ್ಕೆ ಇಡು,” ಎಂದಳು.

ಕೃಷ್ಣಪ್ಪನಿಗೆ ಹಾಯೆನಿಸಿತು. ಮರುಗಳಿಗೆಗೇ ನಾಚಿಕೆಯಾಯಿತು. ಭಾವ ಕೆಂಪಣ್ಣ ಅಂಗಳದಲ್ಲಿ ಹೆಣವಾಗಿ ಮಲಗಿದ್ದಾನೆ, ಇವನಿಗೆ ತನ್ನ ಗುಟ್ಟು ಮಣ್ಣು ಸೇರುತ್ತದೆಂಬ ಸಮಾಧಾನ.

“ಹೊಳೆ ದಾಟೋಕೆ ಹರಿಗೋಲು ಹತ್ತಲೂ ಹೆದರ್ತಿದ್ದ ಮನುಷ್ಯ, ಹಡಗು ಕಟ್ಟಿದ ನೋಡಿ,” ಎಂದರು ಪಕ್ಕದ ಮನೆಯ ಶಿವಶಂಕರಪ್ಪ. ಶಿರಂಗಾಲದ ಊರಿಗೆಲ್ಲ ಗಾಡಿ, ನೇಗಿಲು ಮಾಡಿಕೊಟ್ಟ ಬಡಗಿ ಕೆಂಪಣ್ಣ ಯಾರೂ ಕೇಳದೆ ಮಾಡಿದ್ದು ಅದೊಂದೇ. “ಕಿಟಕಿ ಯಾಕಪ್ಪ ಇಷ್ಟು ಕಪ್ಪು? ಒಳಗೇನೈತೆ ಅಂತ್ಲೇ ಕಾಣಕಿಲ್ಲ.”

“ದೊರೆಗಳ ದೋಣಿಗೆಲ್ಲ ಹಂಗೇ ಇರೋದು,” ಎಂದ ಕೃಷ್ಣಪ್ಪ. ಹಿಂದೆ ಭಾವನಿಗೆ ಹೇಳಿದ್ದೂ ಇದೇ ಸುಳ್ಳು.

*

ದೋಣಿ ಮಾಡಿದ್ದು ಕೊಡಗು ರಾಜ್ಯಕ್ಕೆ ಸ್ವಂತ ಮಂತ್ರಿಗಳು ಬಂದ ವರ್ಷ, ಐವತ್ತೆರಡರಲ್ಲಿ. ಮಡಿಕೇರಿಯ ಬಂಗಲೆಯೊಂದಕ್ಕೆ ಬಾಗಿಲು ರಿಪೇರಿಗೆ ಹೋಗಿದ್ದ ಕೆಂಪಣ್ಣ, ಗೋಡೆಯ ಪಟದಲ್ಲಿ ಉಗಿದೋಣಿ ನೋಡಿ ಬಂದಿದ್ದ. ಅಡಿಗೊಂದು ಅಂಗುಲದ ಲೆಕ್ಕಕ್ಕೆ ಹಲಸಿನ ಮರದಲ್ಲಿ ಅದನ್ನು ಕೆತ್ತಿದ. ಒಳಗೊಂದು ಬೆಂಚು, ಅದರ ಮೇಲೆ ಸೆರಗು ಹೊದ್ದ ಹೆಂಗಸಿನ ಬೊಂಬೆ. ಮೂಗುಬೊಟ್ಟು ನೋಡಿದರೇ ಲಿಂಗಮ್ಮನೆಂದು ಗೊತ್ತಾಗುತ್ತಿತ್ತು.

ಕಿಟಕಿಯ ಕೆಲಸ ಸಣ್ಣ ಬೆರಳಿನ ಕೃಷ್ಣಪ್ಪನದು. ಪೆಟ್ರೋಮ್ಯಾಕ್ಸ್ ದೀಪದ ಹಳೆಯ ಚಿಮಣಿಯಿಂದ ಗಾಜಿನಂಥ ಅಭ್ರಕದ ಹಾಳೆ ಬಿಡಿಸಿ, ಅಳತೆಗೆ ಕತ್ತರಿಸಿ, ಅರಗಿನ ವಾರ್ನಿಷು ಒಂದು ಕೈ ಬಳಿದರೆ ಜೇನಿನ ಬಣ್ಣ ಬರುತ್ತಿತ್ತು. ಛಾವಣಿ ಅಂಟಿಸುವ ಮೊದಲು ಒಳಗಡೆಯಿಂದಲೇ ಕೂರಿಸಬೇಕು.

“ತೆಳ್ಳಗಿರ್ಲಿ ಕಿಟ್ಟ, ಅವಳು ಕಾಣ್ಬೇಕು,” ಎಂದು ಹೇಳಿ ಭಾವ ಸಂತೆಗೆ ಹೋದ.

ಕೊನೆಯ ಕಿಟಕಿ ಒತ್ತುವಾಗ ಹೆಬ್ಬೆರಳು ಜಾರಿತು. ಬೊಂಬೆಯ ಕುತ್ತಿಗೆ ಟಕ್ಕೆಂದು ಮುರಿದು ತಲೆ ಬೆಂಚಿನಡಿಗೆ ಉರುಳಿತು. ಹೇಳಿದ್ದರೆ ಭಾವ ಒಂದೆರಡು ಬೈದು ಸುಮ್ಮನಾಗುತ್ತಿದ್ದನೇನೋ. ಆದರೆ ಒಡಹುಟ್ಟಿದವಳ ತಲೆಯನ್ನೇ ಮುರಿದೆನಲ್ಲ ಎಂದು ಕೃಷ್ಣಪ್ಪನ ಜೀವ ಬಾಯಿಗೆ ಬಂದಿತ್ತು. ಕಿಟಕಿಗಳನ್ನೆಲ್ಲ ಬಿಚ್ಚಿ, ವಾರ್ನಿಷಿಗೆ ದೀಪದ ಮಸಿ ಕಲಸಿ ಕೈಮೇಲೆ ಕೈ ಬಳಿದ. ತಿರುಗಿ ಕೂರಿಸಿ ಛಾವಣಿಯನ್ನೂ ತಾನೇ ಅಂಟಿಸಿಬಿಟ್ಟ.

ಸಂತೆಯಿಂದ ಬಂದ ಭಾವ ಕಪ್ಪು ಕಿಟಕಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ. ದೊರೆಗಳ ದೋಣಿಗೆಲ್ಲ ಹಂಗೇ ಇರೋದೆಂದು ಕೃಷ್ಣಪ್ಪ ಸುಳ್ಳು ಹೇಳಿದ. “ಹೋಗ್ಲಿ ಬಿಡು, ಅವಳಿಗೂ ಬಿಸಿಲು ಬೀಳಕಿಲ್ಲ,” ಎಂದು ನಕ್ಕ.

*

“ಹೊತ್ತಾಯ್ತು ಕೊಡಕ್ಕ,” ಎಂದು ಕೃಷ್ಣಪ್ಪ ಕೈ ಚಾಚಿದ.

“ತಡಿ, ಒಂದ್ಸಲ ನೋಡ್ಬಿಡ್ತೀನಿ,” ಎಂದು ಲಿಂಗಮ್ಮ ಛಾವಣಿಗೆ ಕೈ ಹಾಕಿದಳು. ಛಾವಣಿ ಡಬ್ಬಿಯ ಮುಚ್ಚಳದ ಹಾಗೆ ಎದ್ದು ಬಂತು. ಕೃಷ್ಣಪ್ಪ ಅಂಟು ಹಾಕಿದ್ದ ಜಾಗದಲ್ಲಿ ಈಗ ಸಣ್ಣ ಸಣ್ಣ ಬಿದಿರು ಮೊಳೆಗಳಿದ್ದವು.

“ಇದು ತೆಗೆಯೋಕೆ ಬತ್ತದಾ?” ಎಂದ ಕೃಷ್ಣಪ್ಪ.

“ನಿಮ್ಮ ಭಾವ ಹಬ್ಬಹಬ್ಬಕ್ಕೂ ತೆಗೆದು ಧೂಳು ಒರೆಸೋರು. ಕಿಟ್ಟ ಬಂದಾಗ ಮಾತ್ರ ತೆಗೀಬೇಡ ಕಣೇ ಅನ್ನೋರು. ಕಪ್ಪು ಕೆರೆದುಬಿಡಿ ಅಂದ್ರೆ, ಅವನ ಕೈಕೆಲಸ, ಇರ್ಲಿ ಅನ್ನೋರು. ಯಾಕೆ ಅಂತ ಹೇಳ್ಲೇ ಇಲ್ಲ.”

ಕೃಷ್ಣಪ್ಪ ಬಗ್ಗಿ ನೋಡಿದ. ಬೊಂಬೆಯ ತಲೆ ಅದರ ಜಾಗದಲ್ಲೇ ಇತ್ತು.

“ನೋಡು, ತಾಳಿನೂ ಕಟ್ಟವ್ರೆ,” ಎಂದಳು ಲಿಂಗಮ್ಮ. ಮಣ್ಣಿಗೆ ಹೊರಡುವ ಮೊದಲು ತೆಗೆಯಬೇಕಾಗಿದ್ದ ತನ್ನ ತಾಳಿಯನ್ನು ಅವಳು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಬೊಂಬೆಯ ಕೊರಳಲ್ಲಿ, ಸರಿಯಾಗಿ ಕುತ್ತಿಗೆ ಮುರಿದಿದ್ದ ಕಡೆ, ಕೂದಲೆಳೆಯ ಬಿರುಕೂ ಕಾಣದಂತೆ ಕೆಂಪಣ್ಣ ಸುತ್ತಲೂ ಒಂದೊಂದೇ ಕರಿಮಣಿ ಬರೆದಿದ್ದ.