ಪರಸಿ ಮೇಲಿನ ಮುಚ್ಚಳ

ಕರಜಗಿಯ ರೇವಮ್ಮನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಲಿನವನು ಹಾಲು ಅಳೆಯುವಾಗ ಅವಳ ಕಣ್ಣು ಹಾಲಿನ ಮೇಲಲ್ಲ, ಮಾಪಿನೊಳಗೆ ಇಳಿದ ಅವನ ಹೆಬ್ಬೆರಳಿನ ಮೇಲೆ ಇರುತ್ತಿತ್ತು. ಬದನೆಕಾಯಿ ಕೊಂಡರೆ ಒಂದೊಂದನ್ನೂ ತಿರುಗಿಸಿ ತೊಟ್ಟು ನೋಡಬೇಕು. ಗಂಡ ದೇವಿಂದ್ರಪ್ಪ ಕಬ್ಬಿನ ಹೊಲದಿಂದ ತುಸು ತಡವಾಗಿ ಬಂದರೆ ಅದಕ್ಕೂ ವಿಚಾರಣೆ. "ನಿನ್ನ ಪೊಲೀಸ್ ಠಾಣ್ಯಾಗ ಕುಂದರಸಬೇಕಿತ್ತು ನೋಡು, ತಪ್ಪಿ ನಮ್ಮ ಅಡಗಿ ಮನ್ಯಾಗ ಕುಂತಿ" ಎಂದು ಅವನು ಚೇಷ್ಟೆ ಮಾಡುತ್ತಿದ್ದ. ಇಂಥ ಹೆಂಗಸು ಮನೆಯ ಮಾಳಿಗೆ ಮೇಲೆ ಸೋಲಾರ್ ಹಾಕಿಸಲು ಒಪ್ಪಿದಳೆಂದರೆ ಅದಕ್ಕೆ ಒಂದೇ ಕಾರಣ. ಫಿಟ್ ಮಾಡುವವನು ಅವಳ ತವರಿನವನು, ಜೇವರ್ಗಿಯಲ್ಲಿರುವ ಅಣ್ಣನ ಮಗ ಗುರುಲಿಂಗ.

ಅವನನ್ನು ಕೆಲಸಕ್ಕಿಟ್ಟುಕೊಂಡ ಅಫಜಲಪುರದ ಕಂಪನಿ ಮಾಲೀಕ ಗುರುರಾಜನ ಮೇಲೆ ರೇವಮ್ಮನಿಗೆ ಮೊದಲ ದಿನವೇ ಗುಮಾನಿ ಬಂದಿತ್ತು. ಇಸ್ತ್ರಿ ಅಂಗಿ, ಮಾತುಮಾತಿಗೆ ನಗು. "ಇಷ್ಟು ನಗೋ ಮನಷ್ಯಾ ಏನರ ಮುಚ್ಚಿಟ್ಟಿರತಾನ" ಎಂದು ಗೊಣಗಿದ್ದಳು. ಮೀಟರ್ ಕೂಡಿಸಲು ಬಂದವನು ಚಹಾ ಬೇಡವೆಂದದ್ದಕ್ಕೂ ಅವನನ್ನು ಕೆಕ್ಕರಿಸಿ ನೋಡಿದ್ದಳು. ಗುರುಲಿಂಗನ ಬೆನ್ನಿಗೆ ಮಾತ್ರ ಅವಳ ಕಣ್ಣು ಬೀಳಲಿಲ್ಲ. ತಾನು ಎತ್ತಿ ಆಡಿಸಿದ ಕೂಸು, ಅವನನ್ನೇನು ಕಾಯುವುದು? ಅವನು ಕೆಲಸ ಮಾಡಿದ ದಿನವಿಡೀ ಅವಳು ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸಿದಳು.

ಉಂಡು ಹೊರಡುವ ಮುಂದೆ ಗುರುಲಿಂಗ ಅಂಗಳದ ಮೂಲೆಗೆ ಕರೆದು, ಸಿಮೆಂಟಿನಲ್ಲಿ ಕೂಡಿಸಿದ ಒಂದು ಚೌಕ ಮುಚ್ಚಳ ತೋರಿಸಿದ. ನಡುವೆ ತೂತು, ತೂತಿನೊಳಗೆ ಇಳಿದ ಹಸಿರು ವೈರು.

"ಇದು ಅರ್ಥಿಂಗ್ ಗುಂಡಿ, ಅತ್ತಿ. ಮ್ಯಾಲೆ ಎಲ್ಲೆರ ಕರೆಂಟ್ ಸೋರಿದ್ರ ಈ ವೈರ್ ಹಿಡಕೊಂಡು ಬಂದು ನೆಲಕ್ಕ ಇಳೀತದ. ಮನಷ್ಯಾರಿಗೆ ಹೊಡಿಯೂದಿಲ್ಲ. ದಿನಾ ಒಂದು ಕೊಡ ನೀರು ಹಾಕು, ಗುಂಡಿ ಒಣಗಬಾರದು."

ಅಂದಿನಿಂದ ತುಳಸಿಗೆ ನೀರು ಹಾಕಿದ ಕೂಡಲೇ ಮುಚ್ಚಳಕ್ಕೂ ನೀರು. ನೀರು ತೂತಿನಲ್ಲಿ ಇಳಿದು, ಮತ್ತೆ ಅಂಚಿನಿಂದ ಹೊರಬಂದು, ಅಂಗಳಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಹರಿದು ಕರಿಬೇವಿನ ಬುಡ ಸೇರುತ್ತಿತ್ತು. ಗುಂಡಿ ತುಂಬಿದೆ, ಹೊಟ್ಟೆ ತುಂಬಾ ಕುಡಿದಿದೆ ಎಂದು ಅವಳಿಗೆ ಸಮಾಧಾನ.

ಮಾಳಿಗೆ ಮೇಲಿನ ಕೆಲಸ ಸೊಸೆ ಭಾಗ್ಯಾಳದು. ರೇವಮ್ಮನಿಗೆ ಮಂಡಿ ನೋವು, ಮೆಟ್ಟಿಲು ಏರುತ್ತಿರಲಿಲ್ಲ. ಆದರೆ ಮಾಳಿಗೆಯ ಕಾನೂನು ಅವಳದೇ. ಸಂಡಿಗೆ, ಮೆಣಸಿನಕಾಯಿ ಒಣಗಿಸುವ ಜಾಗ ಅದು, ಚಪ್ಪಲಿ ಮೆಟ್ಟಿಕೊಂಡು ಯಾರೂ ಏರಕೂಡದು. ಭಾಗ್ಯಾ ದಿನಾ ಮುಂಜಾನೆ ಬರಿಗಾಲಲ್ಲಿ ಏರಿ, ಒದ್ದೆ ಬಟ್ಟೆಯಿಂದ ಪ್ಯಾನಲ್‌ಗಳ ಧೂಳು ಒರೆಸಿ ಬರುತ್ತಿದ್ದಳು.

ಒಂದು ದಿನ ಅವಳು ಕೈ ತಿಕ್ಕಿಕೊಳ್ಳುತ್ತ ಇಳಿದು ಬಂದಳು. "ಅತ್ತಿ, ಆ ಪ್ಯಾನಲ್ ಕೂಡಿಸಿದ ಕಬ್ಬಿಣದ ಸ್ಟ್ಯಾಂಡ್ ಮುಟ್ಟಿದ್ರ ಕೈ ಜುಮ್ ಅಂತದ್ರಿ."

"ಮುಂಜಾನೆದ ಥಂಡಿ ಇರಬೇಕು."

ಮತ್ತೊಂದು ದಿನ, "ಇವತ್ತ ಮೊಳಕೈ ತನಕ ಬಂತ್ರಿ" ಎಂದಳು. ರೇವಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈಕೆಗೆ ಕೆಲಸ ತಪ್ಪಿಸಿಕೊಳ್ಳಬೇಕಾಗಿದೆ. ಇಲ್ಲವೇ ಅದಕ್ಕಿಂತ ಹೆಚ್ಚಿನದೇನೋ ಇದೆ. ಈಕೆಯ ತವರಿನವರು ಹೇಳಿದವರಿಂದ ಸೋಲಾರ್ ಹಾಕಿಸಲಿಲ್ಲವೆಂದು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾಳೆ. ಆದರೂ ಗುರುಲಿಂಗನಿಗೆ ಫೋನ್ ಮಾಡಿ ಕೇಳಿದಳು. ಅವನು ನಕ್ಕ. "ಅತ್ತಿ, ಹೊಸಾದು ಇದ್ದಾಗ ಎಲ್ಲಾರಿಗೂ ಹಂಗ ಅನಸ್ತದ. ಭಾಗ್ಯಕ್ಕಗ ಅಂಜಿಕಿ, ಅಷ್ಟೇ." ರೇವಮ್ಮನಿಗೆ ಅಷ್ಟು ಸಾಕಾಯಿತು.

ಸೀಗಿ ಹುಣ್ಣಿಮೆ ಮುಗಿದು ಇಬ್ಬನಿ ಶುರುವಾಗಿತ್ತು. ಒಂದು ಮುಂಜಾನೆ ಮೇಲೆ ಬಕೆಟ್ ಉರುಳಿದ ಸದ್ದು, ಹಿಂದೆಯೇ ಭಾಗ್ಯಾಳ ಚೀರಾಟ. ದೇವಿಂದ್ರಪ್ಪ ಓಡಿ ಹೋಗಿ ಅವಳನ್ನು ಹಿಡಿದು ಇಳಿಸಿದ. ಮೊಳಕೈ ಕಿತ್ತು ರಕ್ತ ಬಂದಿತ್ತು, ತುಟಿ ಬೆಳ್ಳಗಾಗಿತ್ತು.

"ಒಗದಬಿಡ್ತ್ರಿ ಅತ್ತಿ, ನನ್ನ ಹಿಂದಕ್ಕ ಒಗದಬಿಡ್ತು. ಇನ್ನೊಂದು ಹೆಜ್ಜಿ ಆಗಿದ್ರ ಮಾಳಿಗಿಂದ ಕೆಳಗ ಬೀಳ್ತಿದ್ದೆ."

"ಕಾಲು ಜಾರಿರಬೇಕು. ನಮ್ಮ ತವರಮನಿ ಹುಡುಗ ಮಾಡಿದ್ದಕ್ಕ ಹೆಸರಿಡಬ್ಯಾಡ."

ಭಾಗ್ಯಾ ಎಂದೂ ಎದುರಾಡಿದವಳಲ್ಲ. ಅಂದು ಮೊಳಕೈಗೆ ಅರಿಸಿನ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತು ಕೇಳಿದಳು. "ಊರ ಮಂದಿನೆಲ್ಲಾ ಅನುಮಾನಸ್ತೀರಿ. ಅವ ಗುಂಡಿ ಅಗದಿದ್ದು ನೀವು ಕಣ್ಣಿಲೆ ನೋಡೀರೇನ್ರಿ?"

"ಬಾಯಿ ಮುಚ್ಚಬೇ" ಎಂದು ಗದರಿದ ರೇವಮ್ಮ ಕೊಡ ಎತ್ತಿಕೊಂಡು ಮೂಲೆಗೆ ಹೋದಳು. ನೀರು ಸುರಿದಳು. ನೀರು ತೂತಿನಲ್ಲಿ ಇಳಿಯಿತು, ಅಂಚಿನಿಂದ ಹೊರಬಂತು, ಹರಿದು ಹೋಯಿತು. ದಿನಾ ನೋಡಿದ್ದೇ. ಆದರೆ ಅಂದು ಅವಳ ಹಾಳು ತಲೆ ಸುಮ್ಮನಿರಲಿಲ್ಲ. ನಮ್ಮ ಕರಿ ಮಣ್ಣು ಬಿಸಿಲಿಗೆ ಬಾಯಿ ಬಿಟ್ಟು ಕೂತಿರುತ್ತದೆ, ಕೊಡಗಟ್ಟಲೆ ಸುರಿದರೂ ಕುಡಿಯುತ್ತದೆ. ಇದು ಒಂದು ತಂಬಿಗೆಗೇ ಹೊರಗೆ ಚೆಲ್ಲುವುದೇಕೆ? ಗುಂಡಿ ಅಗೆದ ದಿನ ಸಂಜೆ ಅಂಗಳ ಗುಡಿಸಿದವಳು ತಾನೇ. ಒಂದು ಹಿಡಿ ಕರಿ ಮಣ್ಣೂ ಕಸಬರಿಗೆಗೆ ಹತ್ತಿರಲಿಲ್ಲ. ಪರಸಿ ಒಡೆದ ಸದ್ದೂ ಅಡಿಗೆ ಮನೆಗೆ ಕೇಳಿರಲಿಲ್ಲ.

"ಏನ್ರಿ, ಹಾರಿ ತಗೊಂಡು ಬರ್ರಿ" ಎಂದು ಗಂಡನನ್ನು ಕೂಗಿದಳು.

ದೇವಿಂದ್ರಪ್ಪ ಹಾರೆ ಹಾಕಿ ಮೀಟಿದೊಡನೆ ಮುಚ್ಚಳ ಎದ್ದು ಬಂತು. ಕೆಳಗೆ ಗುಂಡಿ ಇರಲಿಲ್ಲ. ಶಹಾಬಾದಿ ಪರಸಿ ಕಲ್ಲು ಇದ್ದ ಹಾಗೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ. ಅದರ ಮೇಲೆ ಹಸಿರು ವೈರು ಸುರುಳಿ ಸುತ್ತಿಕೊಂಡು ನೀರಲ್ಲಿ ಬಿದ್ದಿತ್ತು. ಇಷ್ಟು ದಿನ ತಾನು ನೀರೆರೆದದ್ದು ಒಂದು ಸುಳ್ಳಿಗೆ. ಇಷ್ಟು ದಿನ ಸೊಸೆಯನ್ನು ಬರಿಗಾಲಲ್ಲಿ ಮೇಲೆ ಅಟ್ಟಿದವಳೂ ತಾನೇ. ಆದರೂ ಒಳಗೊಂದು ಮೂಲೆಯಲ್ಲಿ ಮನಸ್ಸು ತವರಿನ ಕಡೆಗೇ ಜಗ್ಗುತ್ತಿತ್ತು. ಹುಡುಗನಿಗೆ ಇದರ ಅಪಾಯ ಗೊತ್ತಿಲ್ಲದಿದ್ದರೆ? ಆ ಗುರುರಾಜನೇ ಹೀಗೆ ಮಾಡು ಎಂದಿದ್ದರೆ?

ಮುಚ್ಚಳವನ್ನು ಮೊದಲಿನ ಹಾಗೇ ಕೂಡಿಸಿಟ್ಟಳು. ಗುರುಲಿಂಗನಿಗೆ ಫೋನ್ ಹಚ್ಚಿದಳು. "ನಾಳಿ ಮುಂಜಾನೆ ಜಲ್ದಿ ಬಾರಪಾ, ಹೋಳಿಗಿ ಮಾಡ್ತೇನಿ."

ಮರುದಿನ ಅವನು ಬಂದ. ರೇವಮ್ಮ ಮೂಲೆ ತೋರಿಸಿ ಕೇಳಿದಳು. "ಗುಂಡಿ ಎಷ್ಟು ಆಳ ಅಗದಿದ್ಯೋ?"

"ನನ್ನ ಎತ್ತರ, ಅತ್ತಿ. ರಟ್ಟಿ ಬಿದ್ದು ಹೋಗಿದ್ವು."

ರೇವಮ್ಮ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟಳು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಏರಿದಳು. ಹಿಂದೆ ಗುರುಲಿಂಗ, ಅವನ ಹಿಂದೆ ಭಾಗ್ಯಾ. ಮಾಳಿಗೆ ಇಬ್ಬನಿಗೆ ತೊಯ್ದಿತ್ತು, ಬಿಸಿಲು ಆಗಲೇ ಪ್ಯಾನಲ್ ಮೇಲೆ ಬಿದ್ದಿತ್ತು.

"ಬೂಟ ತೆಗಿ. ನಮ್ಮ ಮಾಳಿಗಿ ಕಾನೂನು ನಿನಗ ಗೊತ್ತದಲ್ಲ."

ಗುರುಲಿಂಗ ನಗಲು ನೋಡಿದ. "ಇರಲಿ ಬಿಡು ಅತ್ತಿ, ಕೆಲಸದ ಬೂಟ ಅದ."

"ತೆಗಿ ಅಂದೆ. ಬರಿಗಾಲಿಲೆ ನಿಂತು ಆ ಸ್ಟ್ಯಾಂಡ್ ಹಿಡಿ. ಭಾಗ್ಯಾ ದಿನಾ ಹಿಡೀತಾಳಲ್ಲ, ಹಂಗ."

ಅವನು ಬೂಟು ತೆಗೆಯಲಿಲ್ಲ. ಸ್ಟ್ಯಾಂಡಿನ ಕಡೆ ನೋಡಿದ, ಒದ್ದೆ ನೆಲ ನೋಡಿದ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ನಿನಗೂ ಅಂಜಿಕೀನ? ಹಂಗಾದ್ರ ನಾನ ಮುಟ್ಟತೇನಿ" ಎಂದು ರೇವಮ್ಮ ಕೈ ಚಾಚಿದಳು.

"ಅತ್ತೀ! ಬ್ಯಾಡ!" ಗುರುಲಿಂಗ ಹಾರಿ ಬಂದು ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದ. "ಕ್ಲಾಂಪಿನ ಕೆಳಗ ವೈರ್ ಸಿಕ್ಕಿ ಒತ್ತೇದ, ಸ್ಟ್ಯಾಂಡಿಗೆ ಕರೆಂಟ್ ಬರ್ತದ. ಕೆಳಗ ಗುಂಡಿ... ಪರಸಿ ಒಡ್ಯಾಕ ಆಗಲಿಲ್ಲ ಅತ್ತಿ. ಅವತ್ತ ಇನ್ನೊಂದು ಮನಿಗೆ ಹೋಗೂದಿತ್ತು. ಕಂಪನಿಗೆ ಮುಚ್ಚಳದ ಫೋಟೋ ಕಳಿಸಿದ್ರ ಸಾಕಾಗತಿತ್ತು."

ಗೊತ್ತಿತ್ತು. ಎಲ್ಲಾ ಗೊತ್ತಿತ್ತು. ಅತ್ತೆಯ ಕೈಗೆ ಅಡ್ಡ ಬಂದವನು ಸೊಸೆಯ ಕೈಗೆ ಅಂಜಿಕೆ ಎಂದು ನಕ್ಕಿದ್ದ. ಅದನ್ನು ನಂಬಿ ತಾನೂ ಅವಳ ಬಾಯಿ ಮುಚ್ಚಿಸಿದ್ದಳು. ರೇವಮ್ಮ ಕೆಳಗಿಳಿದು ಚಪ್ಪಲಿ ಮೆಟ್ಟಿದವಳೇ ಗುರುರಾಜನಿಗೆ ಫೋನ್ ಹಚ್ಚಿ, ಗುಂಡಿ ಇಲ್ಲದ್ದು, ಸೊಸೆಗೆ ಶಾಕ್ ಹೊಡೆದದ್ದು ಹೇಳಿದಳು.

"ಫೋಟೋದಾಗ ಎಲ್ಲಾ ಬರಾಬರ್ ಇತ್ತಲ್ರಿ ಯವ್ವಾ" ಎಂದ ಅವನು.

"ಫೋಟೋಕ್ಕ ಶಾಕ್ ಹೊಡಿಯೂದಿಲ್ರಿ."

ಅವನ ದನಿಯಲ್ಲಿದ್ದ ನಗು ಹೋಯಿತು. "ನಾ ಬರೂತನಕ ಯಾರೂ ಮುಟ್ಟಬ್ಯಾಡ್ರಿ. ನಿಮ್ಮಲ್ಲಿ ಫಿಟ್ ಮಾಡಿದವ ಯಾರು?"

ಎದುರಿಗೆ ಗುರುಲಿಂಗ ಕೈ ಮುಗಿದು, ಹೇಳಬೇಡವೆಂದು ತಲೆ ಅಲ್ಲಾಡಿಸುತ್ತಿದ್ದ. ಅವನ ಮುಖದಲ್ಲಿ ಅಣ್ಣನ ಮುಖ ಕಾಣುತ್ತಿತ್ತು. ರೇವಮ್ಮನ ಕಣ್ಣು ತುಂಬಿ ಬಂತು.

"ಗುರುಲಿಂಗ. ಜೇವರ್ಗಿಯವ, ನಮ್ಮ ಅಣ್ಣನ ಮಗ. ಬರಕೋರಿ. ಅವ ಮಾಡಿದ ಮನಿಗೋಳೆಲ್ಲಾ ಹೋಗಿ ನೋಡ್ರಿ. ಮೊದಲ ನಮ್ಮ ಮನಿಗೆ ಬರ್ರಿ, ಫೋಟೋ ನೋಡಿದವ್ರನ್ನೂ ಕರಕೊಂಡು ಬರ್ರಿ."

ಫೋನ್ ಇಟ್ಟಳು. ಭಾಗ್ಯಾ ಬಕೆಟ್ ತರಲು ಮೆಟ್ಟಿಲ ಕಡೆ ತಿರುಗಿದ್ದಳು, ನಿನ್ನೆ ಉರುಳಿದ್ದು ಇನ್ನೂ ಮೇಲೇ ಬಿದ್ದಿತ್ತು. ರೇವಮ್ಮ ತನ್ನ ಕಾಲಿನ ರಬ್ಬರ್ ಚಪ್ಪಲಿ ಕಳಚಿ ಸೊಸೆಯ ಮುಂದೆ ಸರಿಸಿದಳು.

"ಹಾಕ್ಕೋ."

"ಮಾಳಿಗಿ ಮ್ಯಾಲೇನ್ರಿ ಅತ್ತಿ? ಸಂಡಿಗಿ ಒಣಗ ಹಾಕೋ ಜಾಗಾ..."

"ಸುಡ್ಲಿ ನನ್ನ ಸಂಡಿಗಿ" ಎಂದಳು ರೇವಮ್ಮ. "ಹಾಕ್ಕೋ ನನ್ನವ್ವಾ."